ಹದಿನೇಳನೇ ರಾಶಿ

ಆ ಬೆಳಗ್ಗೆ ಗಾಳಿ ಉಸಿರು ಹಿಡಿದು ಕೂತಿತ್ತು. ಲಿಥಿಯಂ ಕಾರ್ಖಾನೆಯ ಹೊಗೆ ಮೇಲೇರದೆ ಬೀದಿಯಲ್ಲೇ ಮಲಗಿತ್ತು. 8.10ಕ್ಕೆ ಹೆಂಗಸೊಬ್ಬಳು ಠಾಣೆಗೆ ಬಂದಳು.

"ನನ್ನ ತಮ್ಮ ಸುಟ್ಕೊಂಡು ಆಸ್ಪತ್ರೇಲಿದಾನೆ. ಕುಲುಮೆ ಮೇಸ್ತ್ರಿ ಬೆಂಕಿ ಜಾಸ್ತಿ ಮಾಡ್ದ. ಬರ್ಕೊಳ್ಳಿ."

ಎಫ್‌ಐಆರ್ ದಾಖಲಾಯಿತು. ಹಿಂದಿನ ಸಂಜೆ 4.20ಕ್ಕೆ, ಕುಲುಮೆಯ ಗೋಡೆಗೆ ಕರಗಿ ಅಂಟಿದ್ದ ಕಲ್ಲುಗಟ್ಟಿಯನ್ನು ಕೆಡವಲು ಹೋದ ಕಾರ್ಮಿಕನ ಮೇಲೆ ಅದು ಕುಸಿದಿತ್ತು. ಆರೋಪಿ, ಇಪ್ಪತ್ತೆರಡು ವರ್ಷ ಬೆಂಕಿಯ ಮುಂದೆ ನಿಂತ ಮೇಸ್ತ್ರಿ.

10.15ಕ್ಕೆ ಸ್ಥಳ ಪಂಚನಾಮೆ. ಶಾಖದ ಚಾರ್ಟಿನಲ್ಲಿ ಗೆರೆ ನಿಗದಿಯಾದ 1050 ಡಿಗ್ರಿಯಲ್ಲೇ ನೇರವಾಗಿತ್ತು.

"ತಿದ್ದಿದೀಯಾ?" ಇನ್ಸ್‌ಪೆಕ್ಟರ್ ಕೇಳಿದರು.

"ಅದು ಮಷಿನ್ ಗೀಚೋದು ಸಾರ್. ನನ್ ಕೈಬರಹ ಹೀಗೆ ನೆಟ್ಟಗಿದ್ದಿದ್ರೆ ಮೇಷ್ಟ್ರು ಆಗ್ತಿದ್ದೆ."

"ಮತ್ತೆ ಕರಗಿದ್ದು ಹೇಗೆ?"

"ನಾವು ಸುಡೋ ಹಸಿರು ಕಲ್ಲು ಈ ಶಾಖಕ್ಕೆ ಅರಳಿ ಪುಡಿಯಾಗುತ್ತೆ. ಆಮೇಲೇ ಆಸಿಡ್ಡಿಗೆ ಬಗ್ಗೋದು. ನೇರಳೆ ಅಭ್ರಕದ ಕಲ್ಲಲ್ಲೂ ಲಿಥಿಯಂ ಇದೆ, ಆದ್ರೆ ಅದು ಇದೇ ಬೆಂಕಿಗೆ ಪಾಕದ ಹಾಗೆ ಕರಗಿ ಗೋಡೆ ಕಚ್ಕೊಳ್ಳುತ್ತೆ."

"ನೋಡಿದ್ರೆ ಗೊತ್ತಾಗಲ್ವಾ?"

"ಅರೆದ ಮೇಲೆ ಎಲ್ಲಾ ಒಂದೇ ಬೂದಿ. ಬೆಳ್ಳಗಿರೋದೆಲ್ಲ ಹಾಲಲ್ಲ ಸಾರ್. ಕಾಗದ ಹೇಳಿದ್ದೇ ನಮಗೆ ಕಲ್ಲು."

ಹೆಡ್ ಕಾನ್‌ಸ್ಟೇಬಲ್, ಹಿಂದಿನ ದಿನ ಕುಲುಮೆಗೆ ಹಾಕಿದ್ದ ಹದಿನೇಳನೇ ರಾಶಿಯಿಂದ ಚಿಟಿಕೆ ಪುಡಿ ತೆಗೆದು ಉಜ್ಜಿದ. ಹೆಬ್ಬೆರಳು ಮಿರುಗಿತು. "ನಮ್ಮ ಅತ್ತಿಗೆ ಪೌಡರ್ ಡಬ್ಬ ಮುಟ್ಟಿದ ಹಾಗಾಯ್ತು." ಯಾರೂ ನಗಲಿಲ್ಲ.

12.40, ಪ್ರಯೋಗಾಲಯ. ರಾಶಿಯಲ್ಲಿ ಲಿಥಿಯಂ ಎಷ್ಟು ಎಂದು ಅಳೆಯುವವಳು ಅಲ್ಲಿನ ರಸಾಯನಶಾಸ್ತ್ರಜ್ಞೆ. ಯಾವ ಕಲ್ಲು ಎಂದು ಸಹಿ ಹಾಕುವವನು ಗಣಿಯ ಭೂವಿಜ್ಞಾನಿ. ಹದಿನಾರು, ಹದಿನೇಳನೇ ರಾಶಿಗಳಿಗೆ ಅವನು ಕೊಟ್ಟ ವರದಿಗಳಲ್ಲಿ ಅಂಕಿಗಳು ದಶಾಂಶದವರೆಗೂ ಒಂದೇ.

"ಎರಡು ರಾಶಿ ಹೀಗೆ ಅವಳಿ ಆಗ್ತಾವೇನಮ್ಮ?"

"ಅವಳಿಗಳಲ್ಲೂ ಒಂದು ಮಚ್ಚೆ ವ್ಯತ್ಯಾಸ ಇರುತ್ತೆ ಸಾರ್."

ಕಾಯ್ದಿಟ್ಟ ಮಾದರಿ ಚೀಲವನ್ನು ಪಂಚರ ಎದುರು ಒಡೆದು ಎಕ್ಸ್‌ರೇ ಯಂತ್ರಕ್ಕೆ ಕೊಟ್ಟರು. 2.50ಕ್ಕೆ ಫಲಿತಾಂಶ ಬಂತು: ಮೂರರಲ್ಲಿ ಒಂದು ಪಾಲು ನೇರಳೆ ಕಲ್ಲು.

3.30. ಭೂವಿಜ್ಞಾನಿಯ ಕೋಣೆ.

"ಹದಿನೇಳನ್ನ ಪರೀಕ್ಷೆ ಮಾಡಿದ್ರಾ?"

"ಮಾಡ್ದೆ."

"ನಿಜವಾದ ವರದಿ ಎಲ್ಲಿ?"

ಅವನು ಜೇಬಿನಿಂದ ನಾಲ್ಕು ಮಡಿಕೆಯ ಹಾಳೆ ತೆಗೆದ. "ಹರಿದು ಹಾಕೋಕೆ ಕೈ ಬರ್ಲಿಲ್ಲ."

3.55ಕ್ಕೆ ಬಂಧನ.

ಹನ್ನೊಂದು ವರ್ಷದ ಹಿಂದೆ, ತೋಡಿದಷ್ಟೂ ಹಸಿರು ಕಲ್ಲೇ ಎಂದು ಆಣೆ ಮಾಡಿ ಗಣಿ ತೆರೆಸಿದ್ದವನು ಅವನೇ. ಅರವತ್ತು ಮೀಟರಿಗೆ ಕಲ್ಲು ನೇರಳೆಗೆ ತಿರುಗಿತು. "ಇನ್ನು ಹತ್ತು ಮೀಟರಿಗೆ ಮತ್ತೆ ಹಸಿರು ಬರುತ್ತೆ ಅಂದ್ಕೊಂಡೆ" ಎಂದ. ಭಗವಂತ ನೆಲದೊಳಗೆ ಬರೆದಿಟ್ಟದ್ದನ್ನು ಓದಬಲ್ಲವನಿಗೆ, ನಾನು ತಪ್ಪಿದೆ ಎನ್ನುವ ಎರಡು ಮಾತು ನಾಲಿಗೆಗೆ ಬಂದಿರಲಿಲ್ಲ.

ಸಂಜೆ ಇನ್ಸ್‌ಪೆಕ್ಟರ್ ನಡೆದದ್ದನ್ನೆಲ್ಲ ತಿಳಿಸಿದಾಗ, ದೂರುದಾರಳು ತಾನಾಗಿಯೇ ಮರುಹೇಳಿಕೆ ಕೊಟ್ಟಳು: ಮೇಸ್ತ್ರಿಯ ಮೇಲೆ ಹೇಳಿದ್ದು ಸುಳ್ಳು, ತಿಳಿಯದೆ ಹೇಳಿದೆ. ಸಹಿ ಹಾಕಿ, ಅದರ ಒಂದು ಪ್ರತಿಯನ್ನು ಕೇಳಿ ಪಡೆದು, ಮೇಸ್ತ್ರಿ ಕೂತಿದ್ದ ಹೊರಗಿನ ಬೆಂಚಿನ ಬಳಿ ಹೋದಳು.

"ತಮ್ಮ ಕಣ್ಬಿಟ್ಟ. ಮೊದಲು ಕೇಳಿದ್ದೇ ನಿಮ್ಮನ್ನ, ಅಣ್ಣಾ."

ಹಾಳೆಯನ್ನು ಎರಡೂ ಕೈಯಲ್ಲಿ ಹಿಡಿದು ಮೇಸ್ತ್ರಿಗೆ ಕೊಟ್ಟಳು.