ಎಡ ಮೇಲೆ, ಬಲ ಕೆಳಗೆ

ಜೂಡೊ ಕ್ಲಾಸಿನ ಬಾಗಿಲಲ್ಲಿ ಚಪ್ಪಲಿ ಬಿಡುವುದರಲ್ಲೇ ನಮ್ಮ ಟೈಲರ್ ಹುಡುಗಿಯ ಅರ್ಧ ಧೈರ್ಯ ಖರ್ಚಾಗಿ ಹೋಯಿತು. ಚಪ್ಪಲಿಯ ಮೂತಿ ಬಾಗಿಲ ಕಡೆಗಿರಬೇಕೋ ಗೋಡೆ ಕಡೆಗೋ? ಬಾಗಿ ವಂದಿಸುವುದು ಹೊಸ್ತಿಲಲ್ಲೋ, ಮ್ಯಾಟ್ ಹತ್ತುವ ಮುಂಚೆಯೋ? ಯಾರನ್ನಾದರೂ ಕೇಳೋಣವೆಂದರೆ ನಾಲಿಗೆ ಏಳಲಿಲ್ಲ. ಎರಡು ಕಡೆಯೂ ಬಾಗಿದಳು. ಮ್ಯಾಟ್ ಒರೆಸುತ್ತಿದ್ದವನಿಗೂ ಇರಲಿ ಅಂತ ಒಮ್ಮೆ ಬಾಗಿದಳು.

ಬೆನ್ನು ನೋವಿಗೆ ವ್ಯಾಯಾಮ ಬೇಕು ಎಂದು ಅಕ್ಕನಿಗೆ ಹೇಳಿ ಬಂದಿದ್ದಳು. ಅಕ್ಕ ಹಲ್ಲಿನಲ್ಲಿ ದಾರ ಕಡಿಯುತ್ತ, "ಆ ಬೆನ್ನಿಗೆ ಕನ್ನಡಕ ಇದೆಯಾ?" ಅಂದಿದ್ದಳು.

ಕನ್ನಡಕ ಇದ್ದದ್ದು ಅಕ್ಕತಂಗಿಯರ ಹೊಲಿಗೆ ಅಂಗಡಿಯ ಎದುರು ಸಾಲಿನ ಕನ್ನಡಕದ ಅಂಗಡಿಯವನಿಗೆ. ಅವನ ಜೂಡೊ ಜಾಕೆಟ್ಟಿನ ಭುಜದ ಹೊಲಿಗೆ ಬಿಚ್ಚುತ್ತಲೇ ಇರುತ್ತಿತ್ತು, ಅವನು ತರುತ್ತಲೇ ಇರುತ್ತಿದ್ದ. ಕೆಲಸ ಮುಗಿಯುವವರೆಗೆ ಸ್ಟೂಲಿನ ಮೇಲೆ ಕೂತು ಕ್ಲಾಸಿನ ಸುದ್ದಿ ಹೇಳುತ್ತಿದ್ದ. ಅವಳು ಸೂಜಿಗೆ ದಾರ ಪೋಣಿಸುವಾಗ ಅವನ ಕಣ್ಣು ಅವಳ ಬೆರಳ ಮೇಲೆ. ತಲೆ ಎತ್ತಿದರೆ, ಅಯ್ಯೋ ಪಾಪ, ಗುಂಡಿಗಳ ಡಬ್ಬಿ ನೋಡುತ್ತಿರುತ್ತಿದ್ದ. ಇವತ್ತು ಹೇಳದೆ ಕೇಳದೆ ಅವನೆದುರು ಹೋಗಿ ನಿಲ್ಲಬೇಕು, ಅವನ ಮುಖ ಅರಳುವುದನ್ನು ನೋಡಬೇಕು ಎಂಬುದೇ ಅವಳ ಆಸೆ.

ಯೂನಿಫಾರ್ಮನ್ನು ತಾನೇ ಹೊಲಿದುಕೊಂಡಿದ್ದಳು. ಗಂಡಸರ ಅಂಗಿಗೆ ಎಡಪಕ್ಕ ಮೇಲೆ ಬರಬೇಕು, ಹೆಂಗಸರದ್ದಕ್ಕೆ ಬಲಪಕ್ಕ. ಅದು ಅವಳ ಕೈಗೇ ಅಂಟಿದ ಪಾಠ. ಹಾಗಾಗಿ ಬಲಪಕ್ಕಕ್ಕೆ ಅಗಲವಾದ ಪಟ್ಟಿ ಕೂಡಿಸಿ ಹೊಲಿದಿದ್ದಳು. ಸಾಲದ್ದಕ್ಕೆ, ಅವತ್ತೇ ಕಲಿಯಲು ಸೇರಿದ್ದ ಸ್ಕೂಲ್ ಟೀಚರೊಬ್ಬರು ಬಟ್ಟೆ ಬದಲಿಸುವ ಕೋಣೆಯಲ್ಲಿ ಎಡಪಕ್ಕ ಮೇಲೆ ಹಾಕಿಕೊಂಡದ್ದನ್ನು ಕಂಡು, ಅದು ಗಂಡಸರ ಕ್ರಮ ಎಂದು ತಿದ್ದಿ, ಬೆಲ್ಟನ್ನೂ ತಾನೇ ಕಟ್ಟಿಕೊಟ್ಟಳು. ಏನೂ ಗೊತ್ತಿಲ್ಲದ ಜಾಗದಲ್ಲಿ ಗೊತ್ತಿರುವುದೊಂದು ಸಿಕ್ಕಿತಲ್ಲ ಎಂದು ಹಾಯೆನಿಸಿತು.

ಎಲ್ಲರೂ ಸಾಲಾಗಿ ಮಂಡಿಯೂರಿ ಕೂತಾಗ ಗುರುಗಳು ಇವರಿಬ್ಬರ ಮುಂದೆ ನಿಂತರು. ಹೀಗೆ ಹಾಕಿಕೊಳ್ಳಲು ಹೇಳಿದ್ದು ಯಾರೆಂದು ಕೇಳಿದರು. ಟೀಚರ್ ಮೆಲ್ಲಗೆ ಪಕ್ಕಕ್ಕೆ ನೋಡಿದರು.

"ಜಪಾನಿನಲ್ಲಿ ಬಲಪಕ್ಕ ಮೇಲೆ ಮಾಡಿ ಉಡಿಸೋದು ಹೆಣಕ್ಕೆ," ಅಂದರು ಗುರುಗಳು. "ಇವತ್ತು ನಮ್ಮಲ್ಲಿಗೆ ಎರಡು ಬಂದಿವೆ."

ಗುರುಗಳು ಕೆಟ್ಟವರಲ್ಲ, ತಮಾಷೆಯ ಮನುಷ್ಯ. ಇಡೀ ಹಾಲ್ ಗೊಳ್ಳೆಂದಿತು. ಆ ನಗುವಿನಲ್ಲಿ ಒಂದು ದನಿ ಅವಳಿಗೆ ಚೆನ್ನಾಗಿ ಗೊತ್ತಿದ್ದದ್ದು. ಭೂಮಿ ಬಾಯಿಬಿಟ್ಟು ನುಂಗಬಾರದೇ ಅನ್ನಿಸಿತು. ಟೀಚರ್ ತಮ್ಮದನ್ನು ಸರಕ್ಕನೆ ಬದಲಿಸಿಕೊಂಡರು. ಇವಳ ಜಾಕೆಟ್ ಮಾತ್ರ ಎಷ್ಟು ಎಳೆದರೂ ಆ ಕಡೆಗೆ ಕೂರಲಿಲ್ಲ. ಎದ್ದಳು, ಯಾರಿಗೂ ಬಾಗದೆ ಹೊರಗೆ ನಡೆದಳು.

ಮರುದಿನ ಅವನು ಜಾಕೆಟ್ ಹಿಡಿದು ಅಂಗಡಿಗೆ ಬಂದ. ಅಕ್ಕನಿಗೆ ಇದ್ದಕ್ಕಿದ್ದಂತೆ ಹೊರಗೆ ಏನೋ ಕೆಲಸ ನೆನಪಾಯಿತು. ಹೊಸ ಯೂನಿಫಾರ್ಮ್ ಮಿಷನ್ನಿನ ಕೆಳಗೆ, ಚಿಂದಿಗಳ ನಡುವೆ ಬಿದ್ದಿತ್ತು.

"ಮ್ಯಾಟ್ ಮೇಲೆ ಕನ್ನಡಕ ಹಾಕೋ ಹಾಗಿಲ್ಲ," ಅಂದ ಅವನು. "ಮುಖ ಕಾಣಲಿಲ್ಲ. ನೀವು ಎದ್ದು ಹೋಗುವಾಗ ನಡಿಗೆ ನೋಡಿ ಗೊತ್ತಾಯ್ತು."

"ಬೇರೆ ಯಾರಾದ್ರೂ ಆಗಿದ್ದಿದ್ರೆ ನಗಬಹುದಿತ್ತಾ?"

ಅವನ ಕಿವಿ ಕೆಂಪಾಯಿತು. ಇಲ್ಲ, ನಗಬಾರದಿತ್ತು, ತಪ್ಪಾಯಿತು ಎಂದ. ಅವಳಿಗೆ ಅಷ್ಟಕ್ಕೇ ಸಮಾಧಾನವಾಗಲಿಲ್ಲ. ತನ್ನ ಮಾನ ಹೋದದ್ದು ಹಾಗಿರಲಿ, ನಂಬಿ ಉಡಿಸಿಕೊಂಡ ಆ ಟೀಚರ್‌ಗೆ ಯಾವ ಮುಖ ತೋರಿಸಲಿ, ಇನ್ನು ಆ ಕಡೆ ತಲೆ ಹಾಕಿಯೂ ಮಲಗುವುದಿಲ್ಲ ಎಂದಳು. ಅನ್ನುತ್ತ ಅವನ ಜಾಕೆಟ್ ಎಳೆದುಕೊಂಡು ಭುಜವನ್ನು ಬೆಳಕಿಗೆ ಹಿಡಿದಳು.

ಎಳೆತಕ್ಕೆ ಕಿತ್ತ ದಾರದ ತುದಿ ನಾರುನಾರಾಗಿರುತ್ತದೆ. ಇದು ಸಾಫಾಗಿತ್ತು. ಹಿಂದಿನ ಸಲವೂ ಹೀಗೇ ಇತ್ತು, ಅದರ ಹಿಂದಿನ ಸಲವೂ. ಗೊತ್ತಿದ್ದೂ ಅವಳು ಬಾಯಿಬಿಟ್ಟಿರಲಿಲ್ಲ. ಕೇಳಿಬಿಟ್ಟರೆ ಅವನು ಬರುವುದು ನಿಂತೀತು ಎಂಬ ಹೆದರಿಕೆ.

ಇವತ್ತು ಕಳೆದುಕೊಳ್ಳಲು ಇನ್ನೇನಿತ್ತು?

"ಬ್ಲೇಡಾ, ಕತ್ತರಿಯಾ?"

ಅವನು ನೆಲ ನೋಡಿದ. "ಬ್ಲೇಡು. ಮೊದಲನೇ ಸಲ ಮಾತ್ರ ನಿಜವಾಗ್ಲೂ ಹರಿದಿತ್ತು. ಆಮೇಲೆ ಇಲ್ಲಿಗೆ ಬರೋಕೆ ಬೇರೆ ನೆಪ ಹೊಳೀಲಿಲ್ಲ. ನೀವಂದ್ರೆ ನನಗೆ ಇಷ್ಟ."

ಅವಳೂ ನೆಲ ನೋಡಿದಳು. ನಾಚಿಕೆಯೇನೋ ನಿನ್ನೆ ಇದ್ದಷ್ಟೇ ಇತ್ತು, ಆದರೆ ಹಂಚಿಕೊಳ್ಳಲು ಒಬ್ಬ ಸಿಕ್ಕಿದ್ದ.

"ನಾನೂ ಬೆನ್ನು ನೋವು ಅಂತ ಅಕ್ಕನಿಗೆ ಹೇಳಿ ಕ್ಲಾಸಿಗೆ ಬಂದೆ. ನನಗೆ ಬೆನ್ನು ನೋವಿಲ್ಲ," ಅಂದಳು.

ಅವನಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಬೇಕಾಯಿತು. ಅರ್ಥವಾದದ್ದೇ ಬಗ್ಗಿ ಚಿಂದಿಗಳ ನಡುವಿನಿಂದ ಅವಳ ಜಾಕೆಟ್ ಎತ್ತಿ, ಕೊಡವಿ, ಮೇಜಿನ ಮೇಲಿಟ್ಟ. ಅವಳು ಬಲಪಕ್ಕದ ಪಟ್ಟಿ ಬಿಚ್ಚಿದಳು. ಎಡಕ್ಕೆ ಕೂಡಿಸಲು ದಾರ ಪೋಣಿಸಿಕೊಡುತ್ತೇನೆಂದು ಅವನು ಕನ್ನಡಕ ತೆಗೆದು ಸೂಜಿಯನ್ನು ಮೂಗಿನ ಹತ್ತಿರ ಹಿಡಿದ.

"ಕನ್ನಡಕ ತೆಗೆದ್ರೆ ಮುಖಾನೇ ಕಾಣಲ್ಲ ಅಂದ್ರಿ?"

"ದೂರದ್ದು ಕಾಣಲ್ಲ. ಇಷ್ಟು ಹತ್ತಿರ ಇದ್ರೆ ಕಾಣುತ್ತೆ," ಅಂದ. ಅವನು ನೋಡುತ್ತಿದ್ದದ್ದು ಸೂಜಿಯನ್ನಲ್ಲ.

ಮುಂದಿನ ಕ್ಲಾಸಿಗೆ ಅವಳು ಹೋದಳು. ಮೊದಲು ಟೀಚರ್ ಹತ್ತಿರ ನಡೆದು, ನನ್ನಿಂದ ನಿಮಗೂ ಅವಮಾನವಾಯಿತು, ಕ್ಷಮಿಸಿ ಎಂದಳು. ಅವರು, ಅದೆಲ್ಲ ಬಿಡಿ, ನನ್ನ ಪ್ಯಾಂಟಿನ ಉದ್ದ ಸ್ವಲ್ಪ ಕಡಿಮೆ ಮಾಡಿಕೊಡುತ್ತೀರಾ ಎಂದು ಕೇಳಿದರು.

ಗುರುಗಳು ಜೋಡಿ ಹಾಕಿದಾಗ ಕನ್ನಡಕದವನು ಇವಳ ಪಾಲಿಗೆ ಬಂದ. ಹಿಡಿಯುವ ಮುಂಚೆ ಎದುರುಬದುರು ನಿಂತು ಬಾಗಬೇಕು, ನಡುವೆ ಜಾಗ ಬಿಡಬೇಕು. ಅವನಿಗೆ ಅದೆಲ್ಲ ಗೊತ್ತಿತ್ತು. ಆದರೂ ಈ ಸಲ ಮುಖ ಕಾಣಲೇಬೇಕೆಂದು ಒಂದೊಂದೇ ಹೆಜ್ಜೆ ಮುಂದೆ ಬಂದ, ಕಂಡಮೇಲೆ ನಕ್ಕ, ಬಾಗಿದ. ಅವಳೂ ಬಾಗಿದಳು. ಹಣೆಗೆ ಹಣೆ ಠಣ್ಣನೆ ಬಡಿಯಿತು.

ಇಡೀ ಹಾಲ್ ಗೊಳ್ಳೆಂದಿತು. ಹಣೆ ಉಜ್ಜಿಕೊಳ್ಳುತ್ತ ಅವಳೂ ನಕ್ಕಳು.