ಮುಸಾಫಿರಖಾನೆಯ ಬಾಯಿಕಟ್ಟು

"ಮಾತಾಡೋದಿದ್ರ ರೋಡಿನ್ಯಾಗ ನಿಂತು ಮಾತಾಡು ಬೇಟಿ. ಆ ಹೊಸಿಲ ಮ್ಯಾಲ ಮಾತ್ರ ನಿಂದ್ರಬ್ಯಾಡ."

ಶಹಾಬಾದ ಸ್ಟೇಶನ್ನಿನ, ಒಂದು ಕಾಲಕ್ಕೆ ಪ್ರಯಾಣಿಕರು ತಂಗುತ್ತಿದ್ದ ಹಳೆಯ ಮುಸಾಫಿರಖಾನೆಯ ಎದುರು ಬುಟ್ಟಿ ಇಟ್ಟುಕೊಂಡು ಶೇಂಗಾ ಮಾರುವ ಜೈತುನ್‌ಬೀ ರಾಧಿಕಾಳ ಸೀರೆಯ ಸೆರಗನ್ನೇ ಹಿಡಿದು ನಿಲ್ಲಿಸಿದ್ದಳು. ರಾಧಿಕಾ ನಕ್ಕಳು. ಕಾಲೇಜಿನಲ್ಲಿ ಇತಿಹಾಸ ಕಲಿಸುವವಳು ಆಕೆ. ಕುರುಡಿ ತಾಯಿ ಭೀಮಬಾಯಿಯನ್ನು ಕರೆದುಕೊಂಡು ಈ ಊರಿಗೆ ಬಂದು ಇನ್ನೂ ಒಂದು ವರ್ಷ ತುಂಬಿರಲಿಲ್ಲ. ಅಷ್ಟರಲ್ಲೇ ಈ ನೀಲಿ-ಬೂದು ಕಲ್ಲಿನ ಕಟ್ಟಡ, ಅದರ ಐದು ಕಮಾನುಗಳು, ಒಳಗಿನ ತಂಪು ಆಕೆಯ ಎದೆಯಲ್ಲಿ ಮನೆ ಮಾಡಿದ್ದವು. ರಸ್ತೆ ಅಗಲ ಮಾಡಲು ಅದನ್ನು ಕೆಡವುತ್ತಾರೆಂಬ ನೋಟಿಸು ಗೋಡೆಗೆ ಬಿದ್ದ ದಿನವೇ ಆಕೆ ಸಮಿತಿ ಕಟ್ಟಿದ್ದಳು; ಆಮೇಲೆ ವಾಡಿಯ ವಕೀಲ ಸಂಘಪಾಲನನ್ನು ಜೊತೆ ಮಾಡಿಕೊಂಡು, ಬೀದಿ ಬೀದಿ ತಿರುಗಿ ಮೂರು ಸಾವಿರ ಸಹಿ ಕೂಡಿಸಿದ್ದಳು.

"ಹೊಸಿಲದಾಗ ಏನದ ಖಾಲಾ?"

"ಕೀಲಿ ಅದ," ಎಂದಳು ಜೈತುನ್‌ಬೀ. ದನಿ ತಗ್ಗಿಸಿದಳು. "ಇದನ್ನ ಕಟ್ಟೂಮುಂದ ಕಮಾನಿನ ಕಲ್ಲು ಬಿದ್ದು ಒಬ್ಬ ಕಲ್ಲು ಕೆಲಸದಂವ ಸತ್ತ. ಅವನ ಹೆಂಡತಿ ಮರೆಮ್ಮ ಇದೇ ಬಾಗಿಲದಾಗ ನಿಂತು ಒದರ್ಯಾಳ, ಅತ್ತಾಳ. ಗುತ್ತೇದಾರ ಕೇಳಲಿಲ್ಲ, ಸಾಹೇಬ ಕೇಳಲಿಲ್ಲ. ಆಮ್ಯಾಲ ಆಕಿ ಕಾಗಿಣಾ ಹೊಳಿ ದಂಡಿ ಮಂತ್ರಗಾರನ ಕಡಿಂದ ಬಾಯಿಕಟ್ಟು ಮಾಡಿಸಿ, ಕೀಲಿ ಜಡಿದು ಹೊಸಿಲ ಕೆಳಗ ಹುಗದಾಳ. ಈ ಮನಿ ಪರವಾಗಿ ಇಲ್ಲಿ ನಿಂತು ಯಾರು ಬಾಯಿ ತೆಗೀತಾರೋ, ಅವರ ಮಾತೂ ಯಾರೂ ಕೇಳಬಾರದು ಅಂತ. ಒಬ್ಬ ಮಾಸ್ತರ ಇದ್ದ, ಇಲ್ಲಿ ಸಾಲಿ ಮಾಡ್ರಿ ಅಂದ. ಸಾಯೋತನಕ ಅವನ ದನಿ ಯಾರ ಕಿವಿಗೂ ಬೀಳಲಿಲ್ಲ."

"ಹಂಗಿದ್ರ ಮೈಕ್ ಹಿಡದೇ ಮಾತಾಡ್ತೀನಿ ಬಿಡು. ನಿನ್ನ ಮರೆಮ್ಮನೂ ಕೇಳಲಿ!"

ಕೆಡವುವುದರ ವಿರುದ್ಧದ ಸಭೆಗೆಂದು ಸುತ್ತ ನೆರೆದವರು ನಕ್ಕರು. ರಾಧಿಕಾ ಹೊಸಿಲು ಏರಿ ಮೈಕ್ ಎತ್ತಿಕೊಂಡಳು. ಉರಿ ಬಿಸಿಲು. ಆದರೆ ಬೆನ್ನ ಹಿಂದಿನ ಕತ್ತಲೆಯಿಂದ ಹಸಿ ಸುಣ್ಣದ ವಾಸನೆ ಬಂತು. ನಿನ್ನೆ ಮೊನ್ನೆ ಕಲಸಿಟ್ಟ ಸುಣ್ಣದ ಹಾಗೆ. ಅವಳು ಮಾತನಾಡುತ್ತ ಹೋದಂತೆ ನಾಲಿಗೆಗೆ ತುಕ್ಕಿನ ರುಚಿ ಹತ್ತಿತು. "ಈ ಕಲ್ಲು ನಮ್ಮ ಊರಿನ ನೆನಪು" ಎಂದಳು. ಪಾದದಡಿ ಎಲ್ಲೋ ಆಳದಲ್ಲಿ ಕಟಕ್ಕೆಂದಿತು.

ಜನ ಒಬ್ಬರ ಮುಖ ಒಬ್ಬರು ನೋಡಿಕೊಂಡರು. "ಮೈಕ್ ಹೋಗ್ಯಾದ ಅಕ್ಕಾ," ಎಂದು ಸಂಘಪಾಲ ಕೈಸನ್ನೆ ಮಾಡಿದ.

ಮೈಕ್ ಹೋಗಿರಲಿಲ್ಲ.

ಮರುದಿನ ತರಗತಿಯಲ್ಲಿ ಹುಡುಗಿಯರು ಅವಳು ಪಾಠ ಆರಂಭಿಸಿದ್ದೇ ತಿಳಿಯದೆ ಹರಟುತ್ತ ಕುಳಿತರು. ಫೋನಿನಲ್ಲಿ ಆ ಕಡೆಯವರು ಹಲೋ ಹಲೋ ಎಂದು ಇಟ್ಟುಬಿಟ್ಟರು. ತನ್ನ ದನಿ ತನ್ನ ಕಿವಿಗೆ ಸ್ಪಷ್ಟವಾಗಿ ಕೇಳುತ್ತಿತ್ತು. ಮತ್ತೊಬ್ಬರಿಗೆ ಮಾತ್ರ ಇಲ್ಲ. ಗಂಟಲು ನೋಡಿದ ಡಾಕ್ಟರು ಏನೂ ದೋಷವಿಲ್ಲವೆಂದರು. ಅವಳು ಚೀಟಿ ಬರೆದು ತೋರಿಸಿ ದಿನ ತಳ್ಳತೊಡಗಿದಳು. ಆದರೆ ಚೀಟಿ ಓದಲು ಭೀಮಬಾಯಿಗೆ ಕಣ್ಣಿರಲಿಲ್ಲ.

"ಯಾಕ ಮಾತಾಡವಲ್ಲಿ ರಾಧೀ? ನನ್ನ ಮ್ಯಾಲ ಸಿಟ್ಟು ಮಾಡೀಯೇನು?" ಎಂದು ತಾಯಿ ಅವಳ ಮುಖವನ್ನೆಲ್ಲ ತಡವಿ ತಡವಿ ಅತ್ತಳು. "ಅವ್ವಾ, ಇಲ್ಲೇ ಅದೀನಿ" ಎಂದು ರಾಧಿಕಾ ಕಿವಿಯಲ್ಲಿ ಕೂಗಿದಳು. ಬಿಸಿಯುಸಿರು ತಾಕಿದ್ದಷ್ಟೇ.

ಒಂದು ಮಧ್ಯಾಹ್ನ ಬಚ್ಚಲಲ್ಲಿದ್ದ ರಾಧಿಕಾ ತಲೆಯೆತ್ತಿ ನೋಡಿದರೆ, ತಾಯಿ ಅಡುಗೆಮನೆಯಲ್ಲಿ ಗೋಡೆ ಹಿಡಿದು ಉರಿಯುವ ಒಲೆಯ ಕಡೆ ನಡೆದಿದ್ದಳು. ಒಲೆಯ ಮೇಲೆ ಬೇಳೆ ಕುದಿಯುತ್ತಿತ್ತು. "ಅವ್ವಾ, ನಿಲ್ಲು!" ಕಿರುಚಿದಳು. ಮತ್ತೆ ಕಿರುಚಿದಳು. ಓಡಿದಳು. ಮುದುಕಿಯ ಅಂಗೈ ಪಾತ್ರೆಗೆ ತಾಕಿತು. ಪಾತ್ರೆ ಮಗುಚಿತು.

ಸುಟ್ಟ ಕೈಗೆ ಬಟ್ಟೆ ಕಟ್ಟಿಸಿ ಮಲಗಿಸಿದ ಮೇಲೆ ರಾಧಿಕಾ ನೇರ ಮುಸಾಫಿರಖಾನೆಗೆ ನಡೆದಳು. ಒಳಗೆ ಬಾವಲಿಗಳ ನಾತ, ಹಸಿ ಸುಣ್ಣದ ವಾಸನೆ. ಗೋಡೆಗೆ ಕಿವಿ ಇಟ್ಟಳು. ಕಲ್ಲಿನೊಳಗೆ ಯಾರೋ ಮಾತನಾಡುತ್ತಿದ್ದರು. ಒಬ್ಬ ಗಂಡಸು ಮಕ್ಕಳಿಗೆ ಮಗ್ಗಿ ಹೇಳಿಕೊಡುತ್ತಿದ್ದ. ಒಬ್ಬ ಹೆಂಗಸು ಬಿಕ್ಕುತ್ತಿದ್ದಳು. ಮೂರನೆಯದು ಅವಳದೇ ದನಿ: ಅವ್ವಾ, ನಿಲ್ಲು! ಅವ್ವಾ, ನಿಲ್ಲು!

ಹೊರಗೆ ಬಂದು ಚೀಟಿ ಬರೆದು ಜೈತುನ್‌ಬೀಯ ಮುಂದೆ ಹಿಡಿದಳು. ಜೈತುನ್‌ಬೀಗೆ ಓದಲು ಬರುತ್ತಿರಲಿಲ್ಲ. ಆದರೂ ಆ ಮುಖ ನೋಡಿ ಅರ್ಥಮಾಡಿಕೊಂಡಳು. "ಆ ಕೀಲಿಗೆ ಕೀಲಿಕೈ ಇಲ್ಲ ಬೇಟಿ. ಈ ಮನಿ ಬಿದ್ದರೇ ಅದು ಬಿಚ್ಚೋದು."

ತಕರಾರು ಕೇಳುವ ಸಭೆ ಸೋಮವಾರವಿತ್ತು. ಕಚೇರಿ ಜನರಿಂದ ಕಿಕ್ಕಿರಿದಿತ್ತು. ರಾಧಿಕಾಳೇ ಅರ್ಜಿದಾರಳು, ಸಹಿಗಳ ಕಟ್ಟು ಅವಳ ಮಡಿಲಲ್ಲಿತ್ತು. "ಮಾತಾಡೋದು ಬ್ಯಾಡ ಅಕ್ಕಾ, ಬರದದ್ದು ಕೊಟ್ರ ಸಾಕು. ಕಟ್ಟಡ ಉಳೀತದ," ಎಂದು ಸಂಘಪಾಲ ಪಿಸುಗುಟ್ಟಿದ. ಅವನ ಕಣ್ಣಲ್ಲಿ ಹೊಳಪಿತ್ತು.

ಅಧಿಕಾರಿ ಕೈ ಚಾಚಿದರು. ರಾಧಿಕಾಳಿಗೆ ತಾಯಿಯ ಕೈಯ ಬಿಳಿ ಬಟ್ಟೆ ಕಂಡಿತು. ಸಹಿಗಳ ಕಟ್ಟನ್ನು ಬ್ಯಾಗಿಗೆ ತುರುಕಿ, ಬಿಳಿ ಹಾಳೆಯ ಮೇಲೆ ಎರಡೇ ಸಾಲು ಬರೆದು ಕೊಟ್ಟಳು: ನನ್ನ ಅರ್ಜಿ ಹಿಂದಕ್ಕೆ ಪಡೆದಿದ್ದೇನೆ. ಕೆಡವಲು ನನ್ನ ತಕರಾರಿಲ್ಲ.

ಅಧಿಕಾರಿ ಅದನ್ನು ಗಟ್ಟಿಯಾಗಿ ಓದಿದರು.  ಸಂಘಪಾಲ ಅವಳ ಕಡೆ ತಿರುಗಿದ. "ಎಷ್ಟಕ್ಕ ಮಾರಿದ್ರಿ ಮೇಡಂ?" ಎಂದ. ಅಕ್ಕಾ ಎನ್ನಲಿಲ್ಲ. ಅವಳು ಬ್ಯಾಗನ್ನು ಎದೆಗೊತ್ತಿಕೊಂಡು ಬಾಗಿಲ ಕಡೆ ನಡೆದಳು.

ನಾಲ್ಕನೆಯ ದಿನ ಬೆಳಿಗ್ಗೆ ಜೆಸಿಬಿ ಬಂತು. ರಾಧಿಕಾ ರಸ್ತೆಯಾಚೆ ನಿಂತಿದ್ದಳು. ಮೊದಲ ಕಮಾನು ಬಿತ್ತು. ಎರಡನೆಯದು. ಧೂಳು. ಮೂರನೆಯದು ಬಿದ್ದಾಗ ಗಂಡಸೊಬ್ಬ ನಿಟ್ಟುಸಿರು ಬಿಟ್ಟಂತಾಯಿತು. ನಾಲ್ಕು. ಐದು. ಯಂತ್ರದ ಹಲ್ಲು ಹೊಸಿಲಿಗೆ ಕಚ್ಚಿತು. ಕಲ್ಲು ಎದ್ದಿತು. ಕಟಕ್! ಅವಳ ಗಂಟಲಲ್ಲೇ ಏನೋ ಬಿಚ್ಚಿತು. ಹಸಿ ಸುಣ್ಣ ಮೂಗಿಗೆ, ಬಾಯಿಗೆ, ಎದೆಗೆ ನುಗ್ಗಿತು. ಕೆಮ್ಮಿದಳು. ಪಕ್ಕದವನು ತಿರುಗಿ ನೋಡಿದ.

ಕೇಳಿಸಿತ್ತು!

ಓಡಿದಳು. ಚಪ್ಪಲಿ ಕಳಚಿತು. ನಿಲ್ಲಲಿಲ್ಲ. ಪೇಟೆ ದಾಟಿದಳು. ಗಲ್ಲಿ ದಾಟಿದಳು. ಬಾಗಿಲು ತಳ್ಳಿದಳು.

"ಅವ್ವಾ!"

ಭೀಮಬಾಯಿ ಹಾಸಿಗೆಯ ಮೇಲೆ ಬೆಚ್ಚಿ ಎದ್ದು ಕುಳಿತಳು. ಕುರುಡು ಕಣ್ಣುಗಳು ಬಾಗಿಲ ಕಡೆ ತಿರುಗಿದವು.

"ಯಾರವ್ವ ನೀ?"

"ನಾನವ್ವಾ, ರಾಧಿ!" ಎನ್ನಲು ಬಾಯಿ ತೆರೆದಳು. ಬಂದದ್ದು ಒಡಕು ದನಿ; ಕೂಗಿ ಕೂಗಿ ಹರಿದುಹೋದ, ಕಲ್ಲಿನೊಳಗೆ ಬಿಕ್ಕುತ್ತಿದ್ದ ಆ ಹೆಂಗಸಿನ ದನಿ. ಮಾತೂ ಅವಳದಲ್ಲ.

"ನನ್ನ ಗಂಡನ ಮ್ಯಾಲ ಕಲ್ಲು ಬಿದ್ದದ್ರೀ! ಯಾರರ ಕೇಳ್ರಿ! ಯಾರರ ಬರ್ರಿ!"

ರಾಧಿಕಾ ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡಳು. ಕೂಗು ನಿಲ್ಲಲಿಲ್ಲ. ಭೀಮಬಾಯಿ ಗೋಡೆಗೆ ಸರಿದು, ಸುಟ್ಟ ಕೈಯನ್ನು ಎದೆಗೆ ಅವುಚಿಕೊಂಡು, ಆ ದನಿಯಾಚೆ ಎಲ್ಲೋ ಇರಬಹುದಾದ ಮಗಳನ್ನು ಕರೆಯತೊಡಗಿದಳು: "ರಾಧೀ, ಲಗೂ ಬಾ. ಮನಿಯಾಗ ಯಾರೋ ಬಂದಾರ."