ಆಕಾಶಕ್ಕೆ ಹರವಿದ ಅಂಗಿ

ಮಂಗಳವಾರ ಬೆಳಗ್ಗೆ 9.40ಕ್ಕೆ ಠಾಣೆಗೆ ಬಂದ ದೂರುದಾರರ ಕೈಯಲ್ಲಿ ಅರ್ಜಿ ಇರಲಿಲ್ಲ, ಫೋನ್ ಇತ್ತು. ವಯಸ್ಸು ಅರವತ್ತೆಂಟು, ನಿವೃತ್ತ ಗಣಿತದ ಟೀಚರ್, ವಾಸ ಹೊಳೆಯ ಆಚೆ ದಡ. ಅವರು ಫೋನನ್ನು ಇನ್ಸ್‌ಪೆಕ್ಟರ್ ಮೇಜಿನ ಮೇಲಿಟ್ಟು, ತಪ್ಪು ಲೆಕ್ಕ ಮಾಡಿದ ಹುಡುಗಿಗೆ ತೋರಿಸುವ ಹಾಗೆ ಬೆರಳಿಟ್ಟು ತೋರಿಸಿದರು.

"ಇದು ನಮ್ಮನೆ ತಾರಸಿ ಅಲ್ಲ."

ಮೇಲಿನಿಂದ ತೆಗೆದ ಫೋಟೋ. ಬೂದು ನೆಲ, ನೆಲದ ಮೇಲೆ ಹಳದಿ ಪ್ಲಾಸ್ಟಿಕ್ ಚಾಪೆ, ಚಾಪೆಯ ನಡುವೆ ಪುಟ್ಟ ಡಬ್ಬ, ಪಕ್ಕದಲ್ಲಿ ಬಟ್ಟೆ ಒಣಗಿಸುವ ಹಗ್ಗ, ನೆಲದಲ್ಲಿ ಹರಡಿದ ಪುಟ್ಟ ಬಟ್ಟೆಗಳು. ಕೆಳಗೆ ಅಕ್ಷರ: 'ತಲುಪಿಸಲಾಗಿದೆ. ಶನಿವಾರ, 11.24.'

"ನಿಮ್ಮದಲ್ಲ ಅಂತ ಹೇಗೆ ಹೇಳ್ತೀರಿ?" ಇನ್ಸ್‌ಪೆಕ್ಟರ್ ಕೇಳಿದಳು.

"ನಮ್ಮ ತಾರಸೀಲಿ ಹಗ್ಗ ಇಲ್ಲ. ಇದ್ರೂ ಇಷ್ಟು ಪುಟ್ಟ ಬಟ್ಟೆ ಹಾಕ್ಕೊಳೋರು ಯಾರೂ ಇಲ್ಲ. ಇರೋದು ನಾನು, ನಮ್ಮ ಯಜಮಾನ್ರು. ಅವರ ಸೈಜ್ ನಲವತ್ತೆರಡು."

ಪಕ್ಕದಲ್ಲಿ ಬರೆದುಕೊಳ್ಳುತ್ತಿದ್ದ ಹೆಡ್ ಕಾನ್‌ಸ್ಟೆಬಲ್ ನಗು ನುಂಗಿಕೊಂಡ. ಏನೇ ನಡೆದರೂ ಮೊದಲು ಸಮಯ ಬರೆಯುವ ಅವನಿಗೆ ಠಾಣೆಯಲ್ಲಿ 'ಗಡಿಯಾರ' ಎಂದೇ ಹೆಸರು. ಮುಂದಿನ ಮಾತು ಕೇಳಿ ಅವನ ನಗು ಅಲ್ಲೇ ಒಣಗಿತು.

ಡಬ್ಬದಲ್ಲಿದ್ದದ್ದು ಯಜಮಾನರ ಫಿಟ್ಸ್ ಮಾತ್ರೆ. ಸೇತುವೆ ರಿಪೇರಿಗೆಂದು ಮುಚ್ಚಿ ವರ್ಷವಾಗಿತ್ತು. ಆಚೆ ದಡಕ್ಕೆ ಸೂಜಿಯಿಂದ ಔಷಧಿಯವರೆಗೆ ಎಲ್ಲವನ್ನೂ ಡ್ರೋನ್ ಹೊತ್ತು ತರುತ್ತಿತ್ತು. ಶನಿವಾರ ಮಾತ್ರೆ ಬರಲಿಲ್ಲ. ಬಂದಿದೆ ಎಂದು ಫೋನ್ ಹೇಳುತ್ತಲೇ ಇತ್ತು. ಭಾನುವಾರ ಕೊನೆಯ ಮಾತ್ರೆ ಮುಗಿಯಿತು. ಸೋಮವಾರ ಬೆಳಗ್ಗೆ ಯಜಮಾನರು ಬಚ್ಚಲಲ್ಲಿ ಬಿದ್ದರು. ತಲೆಗೆ ಹನ್ನೊಂದು ಹೊಲಿಗೆ. ಇನ್ನೂ ಕಣ್ಣು ಬಿಟ್ಟಿಲ್ಲ.

"ನಲವತ್ತನಾಲ್ಕು ವರ್ಷ ಆಯ್ತು ಮೇಡಂ ನಮ್ಮ ಮದುವೆಯಾಗಿ," ಎಂದರು ಟೀಚರ್. "ಅವರು ಗೊರಕೆ ಹೊಡೀತಾರೆ ಅಂತ ದಿನಾ ಬೈತಿದ್ದೆ. ನಿನ್ನೆ ರಾತ್ರಿ ಆ ಸದ್ದಿಲ್ದೆ ನಂಗೆ ನಿದ್ದೆ ಬರಲಿಲ್ಲ."

10.05ಕ್ಕೆ ಎಫ್‌ಐಆರ್ ದಾಖಲಾಯಿತು. ಆರೋಪಿ: ಅಪರಿಚಿತ. ಆಸ್ಪತ್ರೆಯಿಂದ ಕೆಟ್ಟ ಸುದ್ದಿ ಬಂದರೆ ಕಲಂ ಬದಲಾಗುತ್ತದೆ ಎಂಬುದು ಇನ್ಸ್‌ಪೆಕ್ಟರ್‌ಗೆ ಗೊತ್ತಿತ್ತು. ಟೀಚರ್‌ಗೆ ಅದನ್ನು ಹೇಳಲಿಲ್ಲ.

11.15ಕ್ಕೆ ಇನ್ಸ್‌ಪೆಕ್ಟರ್ ಮತ್ತು ಗಡಿಯಾರ ಡ್ರೋನ್ ರವಾನೆ ಕೇಂದ್ರದಲ್ಲಿದ್ದರು. ಹಳೆಯ ಗೋದಾಮು, ತಗಡಿನ ಮಾಡು. ಮಾಡಿನ ಒಂದು ಭಾಗ ತೆಗೆದು ಆಕಾಶಕ್ಕೆ ಬಾಗಿಲು ಮಾಡಿದ್ದರು. ಅದರ ಮೂಲಕ ಡ್ರೋನ್‌ಗಳು ಜೇನುಗೂಡಿನ ಹುಳುಗಳಂತೆ ಹೋಗಿ ಬರುತ್ತಿದ್ದವು.

ಮ್ಯಾನೇಜರ್ ಚಿಕ್ಕ ವಯಸ್ಸಿನವನು, ಮಾತಿಗಿಂತ ಮುಂಚೆ ಪರದೆ ತೋರಿಸುವವನು.

"ಮೆಷಿನ್ ತಪ್ಪು ಮಾಡಿಲ್ಲ ಮೇಡಂ. ಡಬ್ಬದ ಲೇಬಲ್ ಎಲ್ಲಿಗೆ ಅಂದಿದೆಯೋ ಅಲ್ಲಿಗೇ ಹೋಗಿದೆ. ಚಾಪೆ ಗುರುತು ಹಿಡಿದು, ಡಬ್ಬಾನ ದಾರದಲ್ಲಿ ಇಳಿಸಿ, ಫೋಟೋ ತೆಗೆದು ವಾಪಸ್ ಬಂದಿದೆ. ಫೋಟೋ ಮಾತ್ರ ಡಬ್ಬದ ನಂಬರ್ ಯಾರದ್ದೋ ಅವರ ಫೋನಿಗೆ ಹೋಗುತ್ತೆ."

"ಹಾಗಾದ್ರೆ ಲೇಬಲ್ ತಪ್ಪು."

"ಇರಬಹುದು."

"ಇದೇ ಚಾಪೆಗೆ ಬೇರೆಯವರ ಸಾಮಾನು ಹಿಂದೆ ಹೋಗಿದೆಯಾ, ನೋಡಿ."

ಅವನು ನೋಡಿದ. ಮತ್ತೊಮ್ಮೆ ನೋಡಿದ. ಏಳು ತಿಂಗಳಲ್ಲಿ ಹನ್ನೊಂದು ಸಲ ಹೋಗಿತ್ತು. ಇದು ಹನ್ನೆರಡನೆಯದು.

"ಹನ್ನೊಂದು ಜನ ದೂರು ಕೊಟ್ಟಾಗ ಏನು ಮಾಡ್ತಿದ್ರಿ?"

"ಇನ್ನೊಂದು ಕಳಿಸಿಬಿಡ್ತೀವಿ. ಗುಂಡಿ, ಸೂಜಿ, ಕುಕ್ಕರ್ ರಬ್ಬರು, ಎಲ್ಲಾ ಚಿಲ್ಲರೆ. ಹುಡುಕ್ತಾ ಕೂರಲ್ಲ."

"ಲೇಬಲ್ ಅಂಟಿಸೋರು ಯಾರು?"

"ಪ್ಯಾಕಿಂಗ್ ಹಾಲಲ್ಲಿ ಆರು ಜನ ಹೆಂಗಸರು. ಲೇಬಲ್ ಹರಿದ್ರೆ ಮತ್ತೆ ತೆಗೆಯೋಕೆ ಪ್ರಿಂಟರಲ್ಲಿ ಒಂದು ಗುಂಡಿ ಇದೆ, ಹಳೇದೂ ಬರುತ್ತೆ. ಯಾರು ಒತ್ತಿದ್ರು ಅಂತ ಗೊತ್ತಾಗಲ್ಲ. ಆರು ಜನಕ್ಕೂ ಒಂದೇ ಪಾಸ್‌ವರ್ಡು."

"ಒಂದೇ ಬೀಗಕ್ಕೆ ಆರು ಬೀಗದಕೈ ಅನ್ನಿ," ಎಂದ ಗಡಿಯಾರ. 11.50 ಎಂದು ಬರೆದುಕೊಂಡ.

ಇನ್ಸ್‌ಪೆಕ್ಟರ್ ಹನ್ನೆರಡು ಫೋಟೋಗಳ ಪ್ರತಿ ತೆಗೆಸಿಕೊಂಡಳು. ದೋಣಿಯಲ್ಲಿ ಆಚೆ ದಡಕ್ಕೆ ಹೋಗುವಾಗ ಅವನ್ನು ಮಡಿಲಲ್ಲಿ ಒಂದರ ಪಕ್ಕ ಒಂದು ಇಟ್ಟುಕೊಂಡು ನೋಡಿದಳು. ಮೊದಲ ಮೂರರಲ್ಲಿ ಮಗುವಿನ ಬಟ್ಟೆಗಳು ಹಗ್ಗದ ಮೇಲಿದ್ದವು. ಮೇಲಿನಿಂದ ಕಾಣುವುದು ಬರೀ ಒಂದು ಬಣ್ಣದ ಗೆರೆ. ನಾಲ್ಕನೆಯದರಿಂದ ಮುಂದಕ್ಕೆ ದೊಡ್ಡವರ ಬಟ್ಟೆ ಹಗ್ಗದಲ್ಲೇ ಇತ್ತು, ಪುಟ್ಟವು ನೆಲಕ್ಕೆ ಇಳಿದಿದ್ದವು. ಎದೆ ಮೇಲ್ಮುಖ, ತೋಳು ಅಗಲ, ಒಂದೊಂದನ್ನೂ ಸುಕ್ಕು ಬಿಡಿಸಿ ಹರಡಿದ್ದರು. ಯಾವುದರಲ್ಲೂ ಮನುಷ್ಯರ ಸುಳಿವಿಲ್ಲ.

"ಏನು ಮೇಡಂ, ಬಟ್ಟೆ ಅಂಗಡಿ ಲೆಕ್ಕ ನೋಡ್ತಿದೀರಾ?" ಎಂದ ಗಡಿಯಾರ.

"ನಿನ್ನ ಹೆಂಡ್ತಿ ಒಗೆದ ಬಟ್ಟೆ ನೆಲದ ಮೇಲೆ ಒಣಗಿಸ್ತಾಳೇನಪ್ಪ?"

"ಹಾಗೆ ಮಾಡಿದ್ರೆ ನಮ್ಮಮ್ಮ ಮನೇಲಿ ಯುದ್ಧ ಸಾರ್ತಾಳೆ."

"ಹೂಂ," ಎಂದಳು ಇನ್ಸ್‌ಪೆಕ್ಟರ್.

2.30ಕ್ಕೆ ಮನೆ ಸಿಕ್ಕಿತು. ಬಾಗಿಲು ತೆಗೆದವಳಿಗೆ ಇಪ್ಪತ್ತಾರು ಇಪ್ಪತ್ತೇಳು ಇರಬಹುದು. ಸೊಂಟದಲ್ಲಿ ಒಂಬತ್ತು ತಿಂಗಳ ಹೆಣ್ಣುಮಗು. ಗಂಡ ಲಾರಿ ಡ್ರೈವರ್, ಗುರುವಾರ ಬರುತ್ತಾನಂತೆ. ಬೇರೆಯವರ ಪಾರ್ಸಲ್ ಎಂದ ಕೂಡಲೇ ಅವಳು ಮರುಮಾತಿಲ್ಲದೆ ಮಂಚದ ಕೆಳಗಿನಿಂದ ಒಂದು ಟ್ರಂಕ್ ಎಳೆದಳು. ಹನ್ನೆರಡೂ ಡಬ್ಬ ಅಲ್ಲಿದ್ದವು. ಒಂದನ್ನೂ ಒಡೆದಿರಲಿಲ್ಲ.

"ಯಾಕಮ್ಮ ವಾಪಸ್ ಕೊಡಲಿಲ್ಲ?"

"ಮರೆತೆ."

"ಹನ್ನೆರಡು ಸಲಾನೂ?"

ಅವಳು ಮಗುವಿನ ಕೂದಲು ಸರಿಮಾಡಿದಳು.

ಇನ್ಸ್‌ಪೆಕ್ಟರ್ ತಾರಸಿಗೆ ಹತ್ತಿದಳು. ಹಗ್ಗದಲ್ಲಿ ಅರ್ಧ ಜಾಗ ಖಾಲಿ, ಕ್ಲಿಪ್ಪುಗಳೂ ಖಾಲಿ. ನೆಲದ ಮೇಲೆ ಐದು ಪುಟ್ಟ ಬಟ್ಟೆ. ಅವುಗಳ ನಡುವೆ ಅಂಗೈಯಗಲದ ಒಂದು ಅಂಗಿ, ಎದೆಯಲ್ಲಿ ನೀಲಿ ಬಾತುಕೋಳಿ. ಹುಟ್ಟಿದ ತಿಂಗಳಲ್ಲಿ ಹಾಕುವಂಥದ್ದು.

"ಇದು ಈಗ ಮಗೂಗೆ ಆಗುತ್ತಾ?"

"ಇಲ್ಲ."

"ಮತ್ತೆ ಯಾಕೆ ಹರಡಿದೀಯ?"

ಹುಡುಗಿ ಮಗುವನ್ನು ಇನ್ನೊಂದು ಸೊಂಟಕ್ಕೆ ದಾಟಿಸಿದಳು. ಇನ್ಸ್‌ಪೆಕ್ಟರ್ ಬೀರುವಿನಲ್ಲೂ ಇಂಥದೊಂದು ಇತ್ತು, ಮಗನ ಹಳದಿ ಸ್ವೆಟರ್. ಅವನೀಗ ಹಡಗಿನಲ್ಲಿ ಎಂಜಿನಿಯರ್, ವಾರಕ್ಕೊಮ್ಮೆ ಮೂರು ಶಬ್ದದ ಸಂದೇಶ ಕಳಿಸುತ್ತಾನೆ. ಆ ಸ್ವೆಟರನ್ನು ಅವಳು ಬಾಗಿಲು ಹಾಕಿಕೊಂಡೇ ಹೊರಗೆ ತೆಗೆಯುವುದು. ಚಿಕ್ಕದಾದ ಬಟ್ಟೆಯನ್ನು ತಾಯಿ ಬಚ್ಚಿಡುತ್ತಾಳೆ. ಬಿಸಿಲಲ್ಲಿ ಹರಡಿದ್ದಾಳೆಂದರೆ ಯಾರಿಗೋ ತೋರಿಸುತ್ತಿದ್ದಾಳೆ.

"ಯಾರು ನೋಡ್ಲಿ ಅಂತ?" ಮೆಲ್ಲಗೆ ಕೇಳಿದಳು.

ಹುಡುಗಿ ಹೊಳೆಯ ಕಡೆ ಮುಖ ತಿರುಗಿಸಿದಳು.

"ಶನಿವಾರದ ಡಬ್ಬದಲ್ಲಿ ಏನಿತ್ತು ಗೊತ್ತಾ? ಒಬ್ಬ ಮುದುಕರ ಮಾತ್ರೆ. ಅದಿಲ್ದೆ ಬಿದ್ದು ಆಸ್ಪತ್ರೇಲಿದಾರೆ. ಉಳೀತಾರೋ ಇಲ್ವೋ."

ಹುಡುಗಿ ಮೆಟ್ಟಿಲ ಮೇಲೆ ಕೂತಳು. "ಅವರು ಬೇಕಂತ ಮಾಡಿರಲ್ಲ," ಎಂದಳು. ಆಮೇಲೆ ನೈಟಿಯ ತೋಳಿನಿಂದಲೇ ಬಾಯಿ ಮುಚ್ಚಿಕೊಂಡಳು.

3.20ಕ್ಕೆ ಪಂಚರ ಮುಂದೆ ಡಬ್ಬಗಳನ್ನು ಜಪ್ತಿ ಮಾಡಿ ಪಂಚನಾಮೆ ಬರೆಯುವಾಗ ಇನ್ಸ್‌ಪೆಕ್ಟರ್ ಒಂದೊಂದನ್ನೇ ತಿರುಗಿಸಿ ನೋಡಿದಳು. ಡ್ರೋನಿನ ಕೊಕ್ಕೆಗೆ ಸಿಕ್ಕಿಸಲು ಡಬ್ಬಕ್ಕೆ ದಾರ ಸುತ್ತಿ ಗಂಟು ಹಾಕಿರುತ್ತಾರೆ. ಹನ್ನೆರಡರಲ್ಲೂ ಗಂಟಿನ ತುದಿ ಹೊರಗೆ ಕಾಣುತ್ತಿರಲಿಲ್ಲ. ಅದನ್ನು ಮಡಿಸಿ ಸುತ್ತಿನೊಳಕ್ಕೆ ಸಿಕ್ಕಿಸಿದ್ದರು. ಊಟದ ಡಬ್ಬಿಗೆ ಬಟ್ಟೆ ಕಟ್ಟಿ, ಮಗು ಬಿಚ್ಚಿಕೊಳ್ಳದಿರಲಿ ಎಂದು ತುದಿ ಅಡಗಿಸುವ ಹಾಗೆ.

"ಗಂಟು ಹೀಗಿದೆ ಅಂತ ಬರಿ," ಎಂದಳು ಗಡಿಯಾರನಿಗೆ.

ಹುಡುಗಿ ತಲೆ ತಗ್ಗಿಸಿದಳು.

ಬುಧವಾರ ಬೆಳಗ್ಗೆ 8.15ಕ್ಕೆ ಟೀಚರ್ ಫೋನ್ ಮಾಡಿದರು. ಯಜಮಾನರು ಕಣ್ಣು ಬಿಟ್ಟಿದ್ದರು. "ಕಾಫಿ ತಣ್ಣಗಿದೆ ಅಂತ ನರ್ಸ್ ಜೊತೆ ಜಗಳ ಆಡ್ತಿದಾರೆ. ಇನ್ನು ಭಯ ಇಲ್ಲ," ಎಂದು ಹೇಳಿ ಫೋನಿನಲ್ಲೇ ಅತ್ತರು.

10.00ಕ್ಕೆ ಇನ್ಸ್‌ಪೆಕ್ಟರ್ ಪ್ಯಾಕಿಂಗ್ ಹಾಲಿನ ಗೋಡೆಗೊರಗಿ ನಿಂತಳು. ಯಾರನ್ನೂ ಏನೂ ಕೇಳಲಿಲ್ಲ. ಆರು ಜೊತೆ ಕೈಗಳನ್ನು ನೋಡಿದಳು. ನಾಲ್ವರು ಗಂಟು ಹಾಕಿ ತುದಿ ಕತ್ತರಿಸಿದರು. ಒಬ್ಬಳು ಹಾಗೇ ಬಿಟ್ಟಳು. ಕೊನೆಯ ಮೇಜಿನ ಹೆಂಗಸು, ನರೆಗೂದಲು, ಮೂಗಿನ ತುದಿಗೆ ಕನ್ನಡಕ, ತುದಿಯನ್ನು ಹೆಬ್ಬೆರಳಿನಿಂದ ಒಳಕ್ಕೆ ತಳ್ಳಿದಳು.

"ನಮ್ಮ ದೊಡ್ಡಮ್ಮನ ಗಂಟು ನೋಡ್ತಿದೀರಾ ಮೇಡಂ?" ಪಕ್ಕದವಳು ನಕ್ಕಳು. "ಅದನ್ನ ಬಿಚ್ಚೋಕೆ ಇನ್ನೊಂದು ಜನ್ಮ ಎತ್ತಿ ಬರಬೇಕು."

ದೊಡ್ಡಮ್ಮ ಎನಿಸಿಕೊಂಡವಳು ನಗಲಿಲ್ಲ. ಕನ್ನಡಕ ತೆಗೆದು ಮಡಿಸಿಟ್ಟಳು, ಹೊರಡುವ ಹೊತ್ತಾಯಿತು ಎನ್ನುವ ಹಾಗೆ.

ಬ್ಯಾಟರಿ ಚಾರ್ಜ್ ಮಾಡುವ ಕೋಣೆಯಲ್ಲಿ ಇನ್ಸ್‌ಪೆಕ್ಟರ್ ಶನಿವಾರದ ಡಬ್ಬವನ್ನು ಅವಳ ಮುಂದಿಟ್ಟಳು. ಸಮಯ 10.25.

"ಯಾರ ಗಂಟು?"

"ನಂದು."

"ಒಳಗೇನಿತ್ತು?"

"ನೋಡ್ಲಿಲ್ಲ. ಹಗುರ ಇದ್ದದ್ದನ್ನ ಆರಿಸ್ತಿದ್ದೆ. ಹೋದ್ರೆ ಯಾರಿಗೂ ತೊಂದ್ರೆ ಆಗ್ದೇ ಇರೋವಂಥದ್ದು."

"ಫಿಟ್ಸ್ ಮಾತ್ರೆ ಇತ್ತು."

ಹೆಂಗಸಿನ ಕೈ ಡಬ್ಬದ ಮೇಲೇ ನಿಂತಿತು. "ಔಷಧಿಗೆ ಕೆಂಪು ಟೇಪ್ ಸುತ್ತಿರ್ತಾರೆ. ಅದನ್ನ ನಾನು ಮುಟ್ಟಲ್ಲ. ಇದು ಬಿಳೀದು."

ಬಾಗಿಲಲ್ಲಿದ್ದ ಮ್ಯಾನೇಜರ್ ಕತ್ತು ಕೆರೆದುಕೊಂಡ. ಶನಿವಾರ ಕೆಂಪು ಟೇಪ್ ಮುಗಿದಿತ್ತು, ಒಂದು ದಿನಕ್ಕೆ ಬಿಳಿಯದೇ ಸಾಕು ಎಂದವನು ಅವನೇ. ಗಡಿಯಾರ ಅದನ್ನೂ ಬರೆದುಕೊಂಡ.

"ಬದುಕಿದಾರಾ?" ಹೆಂಗಸು ಕೇಳಿದಳು.

"ಇವತ್ತು ಕಣ್ಣು ಬಿಟ್ಟರು."

ಅವಳು ಗೋಡೆಗೆ ಒರಗಿದಳು. ಆಮೇಲೆ ಕೇಳದೆಯೇ ಹೇಳಿದಳು.

ಗಂಡ ಪಾರ್ಸಲ್ ಲಾರಿ ಓಡಿಸುತ್ತಿದ್ದ. ಹದಿನೇಳು ವರ್ಷ ಅವನ ಲಾರಿಯ ಸದ್ದಿಗೆ ಕಿವಿಗೊಟ್ಟು ಬಾಗಿಲಲ್ಲಿ ಕೂತವಳು. ಒಂದು ದಿನ ಸದ್ದು ಬರಲಿಲ್ಲ, ಪೊಲೀಸರು ಬಂದರು. ಮಗಳು ಲಾರಿ ಡ್ರೈವರನನ್ನೇ ಮದುವೆಯಾಗುತ್ತೇನೆ ಎಂದಾಗ ಬಾಯಿಂದ ಒಂದು ಮಾತು ಬಂತು: ಹೋಗು, ಇನ್ನು ನಿನ್ನ ಮುಖ ತೋರಿಸಬೇಡ.

"ಹೋದಳು. ಹೇಳಿದ ಮಾತು ಕೇಳಿದ್ದು ಅದೊಂದೇ ಸಲ," ಎಂದಳು. "ಕೋಪದಲ್ಲಿ ಕುಯ್ದ ಮೂಗು ಸಮಾಧಾನದಲ್ಲಿ ಬರುತ್ತಾ ಮೇಡಂ? ಮೂರು ವರ್ಷ ಆಯ್ತು. ನಾನು ಈ ಕೆಲಸಕ್ಕೆ ಸೇರಿದೆ. ಈ ಡ್ರೋನಿನೊಳಗೆ ಯಾರೂ ಕೂತಿರಲ್ಲ ನೋಡಿ. ಬಿದ್ರೆ ರೆಕ್ಕೆ ಮುರಿಯುತ್ತೆ, ಅಷ್ಟೆ. ಯಾರ ಮನೆ ಬಾಗಿಲಲ್ಲೂ ಯಾರೂ ಕಾಯಲ್ಲ."

ಎಂಟು ತಿಂಗಳ ಹಿಂದೆ ಹಾಲು ಕುಡಿಸುವ ಒಂದು ಬಾಟಲಿಯ ಡಬ್ಬ ಅವಳ ಮೇಜಿಗೆ ಬಂತು. ಲೇಬಲ್ ಮೇಲೆ ಮಗಳ ಹೆಸರು. ಸಂಜೆ ಹಾಲಿನ ಪರದೆಯಲ್ಲಿ ತಲುಪಿದ ಫೋಟೋ ನೋಡಿದಳು. ಹಗ್ಗದ ಮೇಲೆ ಬೆರಳಗಲದ ಕಾಲುಚೀಲ. ಅಜ್ಜಿಯಾಗಿದ್ದು ಅವಳಿಗೆ ತಿಳಿದದ್ದು ಹಾಗೆ. ಒಂದು ತಿಂಗಳ ಬಳಿಕ ಆ ಲೇಬಲನ್ನೇ ಮತ್ತೆ ಮತ್ತೆ ತೆಗೆದು ಬೇರೆಯವರ ಡಬ್ಬಕ್ಕೆ ಅಂಟಿಸತೊಡಗಿದಳು.

"ನಿಮ್ಮ ಹೆಸರಲ್ಲೇ ಏನಾದ್ರೂ ಕಳಿಸಬಹುದಿತ್ತಲ್ಲ?"

"ಕಳಿಸೋರ ಹೆಸರು ಮುಂಚೇನೇ ತಗೊಳೋರ ಫೋನಿಗೆ ಹೋಗುತ್ತೆ. ಬೇಡ ಅಂದ್ರೆ ಡಬ್ಬ ಹೊರಡೋದೇ ಇಲ್ಲ. ಅವಳು ಬೇಡ ಅಂದುಬಿಟ್ರೆ? ಹೀಗಾದ್ರೆ ಬೇಡ ಅನ್ನೋಕೆ ಅವಳಿಗೆ ದಾರಿ ಇರಲಿಲ್ಲ." ಡಬ್ಬವನ್ನು ತನ್ನ ಕಡೆಗೆ ಎಳೆದುಕೊಂಡು ಅಂದಳು, "ಹಗ್ಗದಲ್ಲಿ ಅವಳ ಗಂಡನ ನೀಲಿ ಅಂಗಿ ಇದ್ರೆ ಮನೆಗೆ ಬಂದಿದಾನೆ ಅಂತ ಅರ್ಥ. ಅವತ್ತು ನಂಗೆ ನಿದ್ದೆ ಬರ್ತಿತ್ತು. ಮಗುವಿನ ಅಂಗಿ ಉದ್ದ ಆಗೋದು ಕಾಣ್ತಿತ್ತು. ಮುಖ ಮಾತ್ರ ಒಂದು ಸಲಾನೂ ಕಾಣಲಿಲ್ಲ. ಡ್ರೋನ್ ಸದ್ದು ಕೇಳಿದ್ರೆ ಯಾರಾದ್ರೂ ತಲೆ ಎತ್ತಿ ನೋಡ್ತಾರೆ. ಅವಳು ಮರೆಗೆ ಹೋಗ್ತಿದ್ದಳು ಅನ್ಸುತ್ತೆ."

"ನೀವು ತೋರಿಸಬೇಡ ಅಂದಿದ್ರಲ್ಲ," ಎಂದಳು ಇನ್ಸ್‌ಪೆಕ್ಟರ್.

ಹೆಂಗಸು ಅವಳನ್ನೇ ನೋಡಿದಳು. "ಅಂದ್ರೆ, ನಾನೇ ಅಂತ ಅವಳಿಗೆ ಗೊತ್ತಾ?"

"ನಾಲ್ಕನೇ ಫೋಟೋದಿಂದ ಬಟ್ಟೆ ಯಾಕೆ ನೆಲಕ್ಕೆ ಬಂತು ಅಂದ್ಕೊಂಡ್ರಿ? ನಿಮ್ಮ ಗಂಟು ಅವಳಿಗೆ ಗುರುತು ಸಿಗಲ್ವಾ?"

ಅವಳು ಅಳಲಿಲ್ಲ. ಡಬ್ಬದ ಗಂಟನ್ನು ಹೆಬ್ಬೆರಳಿನಿಂದ ಸವರುತ್ತ ಕೂತಳು.

ಕೃತ್ಯ ಹೇಗೆ ನಡೆಯಿತೆಂದು ಪಂಚರ ಮುಂದೆ ಆರೋಪಿಯೇ ಮಾಡಿ ತೋರಿಸುವುದು ತನಿಖೆಯ ಕ್ರಮ. ಹಾಗೆ ಡ್ರೋನ್ ಬರುತ್ತದೆ ಎಂದು ಆ ಮನೆಗೆ ಮೊದಲೇ ತಿಳಿಸುವುದೂ ಕ್ರಮವೇ. 11.05ಕ್ಕೆ ಇನ್ಸ್‌ಪೆಕ್ಟರ್ ಹೊರಗೆ ಹೋಗಿ ಫೋನ್ ಮಾಡಿ ಬಂದಳು.

11.12ಕ್ಕೆ ಹೆಂಗಸು ಪ್ರಿಂಟರಿನ ಗುಂಡಿ ಒತ್ತಿ ಲೇಬಲ್ ತೆಗೆದಳು, ಖಾಲಿ ಡಬ್ಬಕ್ಕೆ ಅಂಟಿಸಿದಳು, ದಾರ ಕಟ್ಟಿ ತುದಿ ಒಳಕ್ಕೆ ಸಿಕ್ಕಿಸಿದಳು. ಡ್ರೋನ್ ಮಾಡಿನ ಬಾಗಿಲಿನಿಂದ ಎದ್ದು ಹೊಳೆಯ ಕಡೆ ತಿರುಗಿತು. ಆರೂ ಮೇಜಿನ ಕೆಲಸ ನಿಂತಿತ್ತು. ಗಡಿಯಾರ ಕೈಗಡಿಯಾರ ನೋಡುವುದನ್ನೇ ಮರೆತಿದ್ದ.

ಪರದೆಯ ಮೇಲೆ ಫೋಟೋ ತೆರೆದುಕೊಂಡಿತು. ಬೂದು ನೆಲ, ಹಳದಿ ಚಾಪೆ, ಡಬ್ಬ. ನೆಲದ ಮೇಲೆ ಯಾವ ಬಟ್ಟೆಯೂ ಇರಲಿಲ್ಲ. ಚಾಪೆಯ ಅಂಚಿನಲ್ಲಿ ಮಗಳು ನಿಂತಿದ್ದಳು, ತಲೆ ಪೂರಾ ಹಿಂದಕ್ಕೆ ಬಾಗಿಸಿ, ಮುಖ ಆಕಾಶಕ್ಕೆ. ತೋಳಲ್ಲಿ ಮಗು, ಬಿಸಿಲಿಗೆ ಕಣ್ಣು ಕಿರಿದು ಮಾಡಿ ಅದೂ ಮೇಲೆ ನೋಡುತ್ತಿತ್ತು.

ಹೆಂಗಸು ಪರದೆಯ ಹತ್ತಿರ ಹೋದಳು. ಕನ್ನಡಕ ಹಾಕಿಕೊಂಡಳು. ತುಂಬ ಹೊತ್ತು ನಿಂತಳು. ಯಾರೂ ಅವಳನ್ನು ಅವಸರಪಡಿಸಲಿಲ್ಲ.

ಮಧ್ಯಾಹ್ನ 12.10ಕ್ಕೆ ಬಂಧನದ ಮೆಮೊ ಭರ್ತಿಯಾಯಿತು. ನಂಬಿಕೆ ದ್ರೋಹ, ಪ್ರಾಣಕ್ಕೆ ಅಪಾಯ ತಂದ ನಿರ್ಲಕ್ಷ್ಯ. ಉದ್ದೇಶ ಎಂಬಲ್ಲಿ ಇನ್ಸ್‌ಪೆಕ್ಟರ್ ಸ್ವಲ್ಪ ಯೋಚಿಸಿ ಬರೆದಳು: 'ಆರೋಪಿಗೆ ಯಾವ ವಸ್ತುವೂ ಬೇಕಿರಲಿಲ್ಲ. ತಲುಪಿದ ಫೋಟೋ ಬೇಕಿತ್ತು.' ಗಡಿಯಾರ ಕೊನೆಯ ಕಾಲಂಗೆ ಬಂದ.

"ಬಂಧನದ ವಿಷಯ ಯಾರಿಗೆ ತಿಳಿಸ್ಬೇಕಮ್ಮ?"

ಮೂರು ವರ್ಷ ಎಲ್ಲ ಫಾರಂಗಳಲ್ಲೂ ಹತ್ತಿರದವರ ಹೆಸರು ಕೇಳುವ ಜಾಗವನ್ನು ಖಾಲಿ ಬಿಟ್ಟವಳು ಅವಳು.

"ಮಗಳಿಗೆ," ಎಂದಳು. ಆಮೇಲೆ, "ಇಷ್ಟು ಬಿಸಿಲಲ್ಲಿ ಮಗೂನ ಬರೀ ತಲೇಲಿ ನಿಲ್ಲಿಸಿದಾಳೆ. ಟೋಪಿ ಹಾಕು ಅಂತಾನೂ ಹೇಳಿ."

ಗಡಿಯಾರ ಮೊದಲ ಮಾತನ್ನು ಬರೆದುಕೊಂಡ. ಎರಡನೆಯದಕ್ಕೆ ಫಾರಂನಲ್ಲಿ ಜಾಗವಿರಲಿಲ್ಲ. ಇನ್ಸ್‌ಪೆಕ್ಟರ್ ಫೋನ್ ತೆಗೆದುಕೊಂಡು ಎರಡನ್ನೂ ಹೇಳಿದಳು.